'ಲಾಸ್ಟ್'ನಲ್ಲಿ ಎಲ್ಲರೂ ಮೊದಲೇ ಸತ್ತಿದ್ದರಾ?

ಇಲ್ಲ, ಸತ್ತಿರಲಿಲ್ಲ.

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರಿಂದ 2010ರವರೆಗೆ ಆರು ಸೀಸನ್ ಓಡಿದ 'ಲಾಸ್ಟ್' ಧಾರಾವಾಹಿ ನೋಡಿ ಮುಗಿಸಿದವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಕೆಲವರಂತೂ ಕೇಳುವುದೂ ಇಲ್ಲ, "ಕೊನೆಗೆ ಎಲ್ಲರೂ ವಿಮಾನದಲ್ಲೇ ಸತ್ತಿದ್ದರಂತಲ್ಲ" ಎಂದು ನೇರ ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಇನ್ನೂ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ. ಮುಂದಿರುವುದೆಲ್ಲ ಸ್ಪಾಯ್ಲರ್.

ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಷಿಯಾನಿಕ್ 815 ವಿಮಾನ ದ್ವೀಪವೊಂದರಲ್ಲಿ ಬೀಳುತ್ತದೆ. ಬದುಕಿದವರು ಬದುಕಿದರು, ದ್ವೀಪದಲ್ಲಿ ಆದದ್ದೆಲ್ಲ ಆಯಿತು. ಎಡವಟ್ಟಾಗುವುದು ಆರನೇ ಸೀಸನ್‌ನಲ್ಲಿ. ಅಲ್ಲಿ ಪಕ್ಕದಲ್ಲೇ ಇನ್ನೊಂದು ಕಥೆ ಓಡುತ್ತದೆ, ಅದರಲ್ಲಿ ವಿಮಾನ ಬೀಳುವುದೇ ಇಲ್ಲ. ಸತ್ತ ಮೇಲಿನ ಲೋಕ ಅಂತ ಒಂದಿದ್ದರೆ ಅದು ಈ ಎರಡನೇ ಕಥೆ. ಕೊನೆಯ ಎಪಿಸೋಡಿನಲ್ಲಿ ಕಥಾನಾಯಕ ಜಾಕ್‌ನ ಅಪ್ಪ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಬಿಡಿಸಿ ಹೇಳುತ್ತಾನೆ: ನಿನ್ನ ಬದುಕಿನಲ್ಲಿ ನಡೆದದ್ದೆಲ್ಲ ನಿಜ, ಇಲ್ಲಿರುವವರಲ್ಲಿ ಕೆಲವರು ನಿನಗಿಂತ ಮೊದಲು ಸತ್ತರು, ಕೆಲವರು ನಿನ್ನ ನಂತರ ಎಷ್ಟೋ ಕಾಲಕ್ಕೆ. ಇಷ್ಟು ಹೇಳಿದ ಮೇಲೂ ಜನ ನಂಬಲಿಲ್ಲ. ಅದಕ್ಕೆ ವಾಹಿನಿಯ ಕೊಡುಗೆಯೂ ಉಂಟು. ಭಾವುಕ ದೃಶ್ಯ ಮುಗಿದ ತಕ್ಷಣ ವೀಕ್ಷಕರು ಧೊಪ್ಪನೆ ರಾತ್ರಿಯ ಸುದ್ದಿಗೆ ಬೀಳದಿರಲಿ ಎಂದು, ಹೆಸರುಗಳು ಮೂಡುವ ಹೊತ್ತಿಗೆ ಯಾರೂ ಇಲ್ಲದ ಕಡಲತೀರ ಮತ್ತು ವಿಮಾನದ ಅವಶೇಷಗಳನ್ನು ತೋರಿಸಿದರು. ಮುಗೀತಲ್ಲ! ಯಾರೂ ಕಾಣುತ್ತಿಲ್ಲ, ಅಂದರೆ ಯಾರೂ ಬದುಕಿರಲೇ ಇಲ್ಲ. ಆ ಚಿತ್ರಗಳಿಗೂ ಕಥೆಗೂ ಸಂಬಂಧವಿಲ್ಲವೆಂದು ವಾಹಿನಿ ಆಮೇಲೆ ಹೇಳಿತು. ಕೇಳುವವರಾರು?

ಹಾಗಂತ ಈ ಥಿಯರಿ ಕಟ್ಟಿದವರನ್ನು ಪೆದ್ದರು ಅನ್ನಲು ನನಗೆ ಮನಸ್ಸಿಲ್ಲ. ಅದು ಮೊದಲ ಸೀಸನ್‌ನಿಂದಲೇ ಇತ್ತು, ಕಥೆ ಕಟ್ಟಿದವರು ಆಗಲೇ ಅಲ್ಲಗಳೆದೂ ಇದ್ದರು. ಆದರೆ ಅವರೇ ಎರಡನೇ ಸೀಸನ್‌ನಲ್ಲಿ, ತಾನು ಸತ್ತಿರುವುದೇ ಗೊತ್ತಿಲ್ಲದವನೊಬ್ಬನ ಕಥೆಯಿರುವ ಐರಿಷ್ ಕಾದಂಬರಿಯನ್ನು ಕ್ಯಾಮೆರಾ ಮುಂದೆ ಇಟ್ಟರು. ಬಾಯಲ್ಲಿ ಇಲ್ಲ ಅನ್ನುತ್ತಾ ಕೈಯಲ್ಲಿ ಸನ್ನೆ ಮಾಡಿದರೆ ಜನ ಸನ್ನೆಯನ್ನೇ ನಂಬುತ್ತಾರೆ.

ಅದೇ ಸೀಸನ್‌ನ ಉಕ್ಕಿನ ಬಾಗಿಲನ್ನು ನೆನಪಿಸಿಕೊಳ್ಳಿ. ವಿಮಾನದಿಂದ ಬದುಕುಳಿದವರಲ್ಲೊಬ್ಬನಾದ ಲಾಕ್‌ನ ಕಾಲು ಅದರಡಿ ಸಿಕ್ಕಿಕೊಂಡಿದೆ, ದೀಪ ಹೋಗುತ್ತದೆ, ಅಲ್ಟ್ರಾವಯೊಲೆಟ್ ಬೆಳಕು ಹತ್ತುತ್ತದೆ, ಬಾಗಿಲ ಮೇಲೆ ಇಡೀ ದ್ವೀಪದ ನಕ್ಷೆ ಹೊಳೆಯುತ್ತದೆ. ಕೆಲವೇ ಸೆಕೆಂಡು, ಮತ್ತೆ ಮಾಯ. ಅಭಿಮಾನಿಗಳು ಅಲ್ಲೇ ಪಾಸ್ ಮಾಡಿ, ಬ್ರೈಟ್‌ನೆಸ್ ಏರಿಸಿ, ಮೂಲೆಯ ಲ್ಯಾಟಿನ್ ಸಾಲುಗಳನ್ನೂ ಬಿಡದೆ ಓದಿದರು. ಮಧ್ಯದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು, ಮುಂದೆ ಆ ಜಾಗದಲ್ಲಿ ನಿಜಕ್ಕೂ ಒಂದು ಗುಪ್ತ ಕೇಂದ್ರ ಸಿಕ್ಕಿತು. ಹೀಗೆ ಹುಡುಕಿದವರಿಗೆ ಒಮ್ಮೆ ಬಹುಮಾನ ಕೊಟ್ಟ ಮೇಲೆ ಮರದ ಎಲೆಯಲ್ಲೂ ಸುಳಿವು ಕಾಣದೆ ಇರುತ್ತದೆಯೇ?

ಆದರೆ ಕೆಲವು ಕಡೆ ಸುಳಿವೇ ಇರಲಿಲ್ಲ. ವಾಲ್ಟ್ ಎಂಬ ಹುಡುಗ ಎಲ್ಲಿ ಹೋದ ಎಂಬುದಕ್ಕೆ ಎಷ್ಟು ಥಿಯರಿ! ಕಥೆಯಲ್ಲಿ ಕಳೆದದ್ದು ಕೆಲವೇ ವಾರ, ಶೂಟಿಂಗ್‌ನಲ್ಲಿ ವರ್ಷಗಳೇ ಉರುಳಿದವು, ಹುಡುಗ ಸರಸರನೆ ಬೆಳೆದುಬಿಟ್ಟ, ಕಥೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಅಷ್ಟೇ.

ಮತ್ತೆ ಕೆಲವು ಕಡೆ ಅಭಿಮಾನಿಗಳ ಥಿಯರಿಯೇ ಉತ್ತರಕ್ಕಿಂತ ಚೆನ್ನಾಗಿತ್ತು. ಮೊದಲ ಸೀಸನ್‌ನಲ್ಲಿ ಗುಹೆಯೊಳಗೆ ಎರಡು ಅಸ್ಥಿಪಂಜರ ಸಿಗುತ್ತವೆ, ಜೊತೆಗೆ ಚೀಲದಲ್ಲಿ ಒಂದು ಕಪ್ಪು ಕಲ್ಲು, ಒಂದು ಬಿಳಿ ಕಲ್ಲು. ಬಟ್ಟೆಯ ಸ್ಥಿತಿ ನೋಡಿ ನಲವತ್ತು ಐವತ್ತು ವರ್ಷ ಹಳೆಯದು ಅನ್ನುತ್ತಾನೆ ಡಾಕ್ಟರ್ ಜಾಕ್. ಅವು ಕಪ್ಪು ವರ್ಣದ ರೋಸ್ ಮತ್ತು ಬಿಳಿಯ ಬರ್ನಾರ್ಡ್ ದಂಪತಿಯವು, ಕಾಲದಲ್ಲಿ ಹಿಂದಕ್ಕೆ ಹೋಗಿ ಅಲ್ಲೇ ಮುದುಕರಾಗಿ ಸತ್ತಿದ್ದಾರೆ ಎಂದು ಕೆಲವರು ಊಹಿಸಿದ್ದರು. ಆರನೇ ಸೀಸನ್‌ನಲ್ಲಿ ಬಂದ ಉತ್ತರ ಬೇರೆ: ಪ್ರಾಚೀನ ಕಾಲದ ಒಬ್ಬ ಸಾಕುತಾಯಿ, ಒಬ್ಬ ಮಗ. ನನ್ನ ಮತ ಈಗಲೂ ರೋಸ್ ಮತ್ತು ಬರ್ನಾರ್ಡ್‌ಗೇ. ಆ ಊಹೆ ಕಲ್ಲುಗಳಿಗೂ ಡಾಕ್ಟರ ಲೆಕ್ಕಕ್ಕೂ ಹೊಂದುತ್ತಿತ್ತು. ಎಲ್ಲರೂ ಸತ್ತಿದ್ದರು ಅನ್ನುವ ಥಿಯರಿಗೆ ಇಷ್ಟು ಶ್ರಮವೂ ಬೇಡ, ಏನೇ ಕೇಳಿದರೂ 'ಸತ್ತಿದ್ದರಲ್ಲ' ಅಂದರೆ ಸಾಕು. ಹಾಗಾಗಿಯೇ ಅದು ನನಗೆ ಸಪ್ಪೆ.

4, 8, 15, 16, 23, 42 ಸಂಖ್ಯೆಗಳ ಅರ್ಥ ಕೇಳುವವರೂ ಇದ್ದಾರೆ. ಕಥೆಯಲ್ಲಿ ಇವುಗಳಿಂದ ಲಾಟರಿ ಗೆದ್ದ ಹರ್ಲಿಗೆ ಶಾಪ ತಗಲುತ್ತದೆ, ಕೊನೆಗೆ ನೋಡಿದರೆ ಇವು ದ್ವೀಪದ ಕಾವಲಿಗೆ ಅಭ್ಯರ್ಥಿಗಳಾದವರ ಕ್ರಮಸಂಖ್ಯೆ. 2011ರ ಜನವರಿಯಲ್ಲಿ ಅಮೆರಿಕದ ಮೆಗಾ ಮಿಲಿಯನ್ಸ್ ಲಾಟರಿಯಲ್ಲಿ 4, 8, 15 ಮತ್ತು ಮೆಗಾ ಬಾಲ್ ಎಂಬ ಹೆಚ್ಚುವರಿ ಸಂಖ್ಯೆಯಾಗಿ 42 ನಿಜವಾಗಿಯೇ ಬಂದವು. ಹರ್ಲಿಯ ಸಂಖ್ಯೆಗಳನ್ನೇ ಆಡಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ತಲಾ 150 ಡಾಲರ್ ಸಿಕ್ಕಿತು.

ಇನ್ನು ಬಿಸಿಲ ನಾಡಿನ ದ್ವೀಪಕ್ಕೆ ಹಿಮಕರಡಿ ಹೇಗೆ ಬಂತು ಎಂಬ ಪ್ರಶ್ನೆ. ದ್ವೀಪದಲ್ಲಿ ಹಿಂದೆ ಸಂಶೋಧನೆ ನಡೆಸುತ್ತಿದ್ದ ಧರ್ಮಾ ಸಂಸ್ಥೆಯವರು ಪ್ರಯೋಗಕ್ಕೆಂದು ತಂದದ್ದು. ಮೂರನೇ ಸೀಸನ್‌ನಲ್ಲಿ ಬದುಕುಳಿದವರಲ್ಲೊಬ್ಬನಾದ ಸಾಯರ್‌ನನ್ನು ಕೂಡಿಹಾಕುವ ಪಂಜರವೂ ಅವುಗಳದ್ದೇ. ಗುಂಡಿ ಒತ್ತಿ ಬಿಸ್ಕತ್ತು ಬೀಳಿಸುವುದನ್ನು ಅವನು ಕಷ್ಟಪಟ್ಟು ಕಲಿತಾಗ, ಕರಡಿಗಳಿಗೆ ಎರಡೇ ಗಂಟೆ ಸಾಕಾಗಿತ್ತು ಎಂದು ಕಾವಲಿನವನು ಹೇಳಿಹೋಗುತ್ತಾನೆ.