ಝೋಜಿ ಲಾ: ಜನರಲ್ ತಿಮ್ಮಯ್ಯ ಟ್ಯಾಂಕ್ ಹತ್ತಿಸಿದ ದಾರಿ

ಕಾಶ್ಮೀರದ ಸೋನಾಮಾರ್ಗ್ ಬಿಟ್ಟು ಲಡಾಖ್‌ನ ದ್ರಾಸ್ ಕಡೆ ಹೊರಟವರು ಝೋಜಿ ಲಾ ಕಣಿವೆಯನ್ನು ಯಾವಾಗ ದಾಟಿ ಮುಗಿಸುತ್ತೇವೋ ಎಂದೇ ಕಾಯುತ್ತಾರೆ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಸದಾ ಉದುರುವ ಗುಡ್ಡ, ಮುಂದೆ ಲಾರಿಗಳ ಸಾಲು. ಆದರೆ ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಪಾಕಿಸ್ತಾನದೊಡನೆ ನಡೆದ ಮೊದಲ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಇಲ್ಲಿ ಮಾಡಿದ್ದೇನು ಎಂದು ತಿಳಿಯಬೇಕಾದರೆ ಕಣಿವೆಯ ಈಚೆಯ ಬಾಲ್ಟಾಲ್‌ನಿಂದ ಆಚೆಯ ಗುಮ್ರಿವರೆಗಿನ ದಾರಿಯನ್ನು ಅವಸರವಿಲ್ಲದೆ ನೋಡಬೇಕು.

ಶ್ರೀನಗರದಿಂದ ಸೋನಾಮಾರ್ಗ್ ಸುಮಾರು 80 ಕಿ.ಮೀ. ಕಣಿವೆಯ ಎತ್ತರ 3,528 ಮೀಟರ್. ಹಾಗಾಗಿ ಬೆಂಗಳೂರಿನಿಂದ ವಿಮಾನದಲ್ಲಿ ಬಂದವರು ಒಂದು ರಾತ್ರಿ ಸೋನಾಮಾರ್ಗ್‌ನಲ್ಲಿ ಉಳಿದು ಹೋದರೆ ತಲೆನೋವು, ವಾಕರಿಕೆಯ ಕಾಟ ಕಡಿಮೆ. ಡೀಸೆಲ್ ಅನ್ನು ಶ್ರೀನಗರದಲ್ಲೇ ಪೂರ್ತಿ ತುಂಬಿಸಿಕೊಳ್ಳಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಎಷ್ಟೋ ದಿನ ವಾಹನಗಳನ್ನು ಸರದಿ ಮೇಲೆ ಒಂದೊಂದು ದಿಕ್ಕಿಗೆ ಬಿಡುತ್ತಾರೆ, ಆ ಹೊತ್ತನ್ನು ಹಿಂದಿನ ಸಂಜೆಯೇ ಪೊಲೀಸರಲ್ಲಿ ಕೇಳಿಕೊಳ್ಳಿ. ಬೆಳಿಗ್ಗೆ ಬೇಗ ಹೊರಡುವುದೇ ಮೇಲು: ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಇಳಿಯುತ್ತದೆ, ಕೆಸರಲ್ಲಿ ಒಂದು ಲಾರಿ ಹೂತರೆ ಹಿಂದಿನವರೆಲ್ಲ ನಿಂತಲ್ಲೇ. ಅಮರನಾಥ ಯಾತ್ರೆಯ ದಿನಗಳಲ್ಲಿ ಬಾಲ್ಟಾಲ್ ಗಿಜಿಗುಡುತ್ತದೆ, ಯುದ್ಧಭೂಮಿ ನೋಡಬೇಕೆನ್ನುವವರಿಗೆ ಸೆಪ್ಟೆಂಬರ್ ಒಳ್ಳೆಯದು.

ಬಾಲ್ಟಾಲ್ ಮೇಲಿನ ತಿರುವುಗಳಲ್ಲಿ ಸುರಕ್ಷಿತ ಜಾಗ ಸಿಕ್ಕರೆ ನಿಂತು ಕೆಳಗೆ ನೋಡಿ. 1948ರಲ್ಲಿ ಇಲ್ಲಿದ್ದದ್ದು ಹೇಸರಗತ್ತೆ ಹೋಗುವ ಜಾಡು ಮಾತ್ರ. ಮೇಲೆ, ಎರಡೂ ಬದಿಯ ಬಂಡೆಗಳಲ್ಲಿ ಶತ್ರುಗಳ ಮಷಿನ್‌ಗನ್‌ಗಳಿದ್ದವು. ಇಕ್ಕಟ್ಟಾದ ಈ ಓಣಿಯಲ್ಲಿ ಕಾಲಾಳು ಪಡೆ ಸೆಪ್ಟೆಂಬರ್‌ನಲ್ಲಿ ನಡೆಸಿದ ನೇರ ದಾಳಿಗಳು ವಿಫಲವಾದವು. ಅಡಗಲು ಮರವಿಲ್ಲ, ಬಳಸಿ ಹೋಗಲು ಬೇರೆ ದಾರಿಯಿಲ್ಲ. ಲೇಹ್‌ನಲ್ಲಿದ್ದ ನಮ್ಮವರಿಗೆ ನೆಲದ ದಾರಿ ತೆರೆಯಬೇಕಿದ್ದರೆ ಚಳಿಗಾಲಕ್ಕೆ ಮುಂಚೆ ಝೋಜಿ ಲಾ ಕೈಗೆ ಬರಲೇಬೇಕಿತ್ತು.

ಆಗ ಮೇಜರ್ ಜನರಲ್ ಆಗಿ ಇಲ್ಲಿನ ಸೇನಾ ಡಿವಿಷನ್ ನಡೆಸುತ್ತಿದ್ದ ತಿಮ್ಮಯ್ಯ ಟ್ಯಾಂಕ್ ತರಿಸಲು ಹೊರಟರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಜಮ್ಮು ಕಡೆಯಿಂದ ಗೋಪುರ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಬಿಚ್ಚಿ ಸಾಗಿಸಲಾಯಿತು. ದಾರಿಯ ಸೇತುವೆಗಳು ಆ ಭಾರ ತಡೆಯುವಂಥವಲ್ಲ, ಗೋಪುರವಿಲ್ಲದ ಟ್ಯಾಂಕನ್ನು ಗುರುತಿಸುವುದೂ ಕಷ್ಟ. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಜಾಡನ್ನು ಟ್ಯಾಂಕ್ ಹತ್ತುವಷ್ಟು ಅಗಲಿಸಿದರು. ಅವರ ತವರು ಬೆಂಗಳೂರಿನ ಹಲಸೂರು ಎಂಬುದು ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಈ ಗೆಲುವಿನಲ್ಲಿ ಗುದ್ದಲಿ, ಸಿಡಿಮದ್ದಿನ ಪಾಲು ಫಿರಂಗಿಯ ಪಾಲಿಗಿಂತ ಕಡಿಮೆಯಲ್ಲ.

ಹವೆ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು, ಹಿಮದ ನಡುವೆಯೇ, ಟ್ಯಾಂಕ್‌ಗಳು ಏರಿದವು. ಡಿವಿಷನ್ನಿನ ಮುಖ್ಯಸ್ಥ ಹಿಂದೆ ನಿಂತು ನಡೆಸುವುದು ವಾಡಿಕೆ, ತಿಮ್ಮಯ್ಯ ಮುಂಚೂಣಿಯ ಟ್ಯಾಂಕ್‌ನಲ್ಲೇ ಕುಳಿತು ಹೋದರು. ಇಷ್ಟೆತ್ತರದಲ್ಲಿ ಟ್ಯಾಂಕ್ ಬಂದೀತೆಂಬ ಎಣಿಕೆಯೇ ಇಲ್ಲದ ಶತ್ರುಗಳು ಜಾಗ ಬಿಟ್ಟರು. ಅಂದೇ ಗುಮ್ರಿ ಬಯಲು ಸಿಕ್ಕಿತು. ಓಣಿ ಮುಗಿದು ನೆಲ ತಟ್ಟನೆ ತೆರೆದುಕೊಳ್ಳುವ ಜಾಗವೇ ಅದು, ಈಗಲೂ ಕಂಡ ಕೂಡಲೇ ಗೊತ್ತಾಗುತ್ತದೆ. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೂಡ ಮರಳಿ ಬಂದವು.

ತಿಮ್ಮಯ್ಯನವರಿಗೆ ಇದು ಮೊದಲ ಪರೀಕ್ಷೆಯೇನಲ್ಲ. 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಅಧಿಕಾರಿಯಾಗಿ ಬಂದವರು, ಬರ್ಮಾದ ಅರಾಕಾನ್ ಕಾಳಗಕ್ಕೆ ಬ್ರಿಟಿಷರ ಸೇನಾ ಗೌರವವಾದ ಡಿಎಸ್‌ಒ ಪದಕ ಪಡೆದಿದ್ದರು. ಮುಂದೆ ಕೊರಿಯಾದಲ್ಲಿ ಯುದ್ಧ ಕೈದಿಗಳ ಆಯೋಗದ ಅಧ್ಯಕ್ಷತೆ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ ಹುದ್ದೆ. 1965ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗಲೂ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದರು. ಹೊರಡುವ ಮುಂಚೆ ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ನೋಡಿದ್ದರೆ ಅನುಕೂಲ, 2021ರಿಂದ ಅದು ವಸ್ತುಸಂಗ್ರಹಾಲಯ.

ಝೋಜಿ ಲಾ ಅಡಿಯಲ್ಲಿ ಸುಮಾರು 13 ಕಿ.ಮೀ. ಸುರಂಗದ ಕೆಲಸ ನಡೆದಿದೆ. ಅದು ತೆರೆದ ಮೇಲೆ ಬಾಲ್ಟಾಲ್ ಕಡೆ ಒಳಹೊಕ್ಕು ಮೀನಾಮಾರ್ಗ್‌ನಲ್ಲಿ ಹೊರಬೀಳಬಹುದು, ಓಣಿಯೂ ಗುಮ್ರಿಯೂ ಕಣ್ಣಿಗೇ ಬೀಳುವುದಿಲ್ಲ. ಆಮೇಲೆ ಹೋಗುವವರು ಹಳೇ ರಸ್ತೆಯಲ್ಲೇ ಹೋಗಬೇಕೆಂದು ಗಾಡಿಯವನಿಗೆ ಮೊದಲೇ ಹೇಳಿ ಬಾಡಿಗೆ ಮಾತಾಡಿಕೊಳ್ಳಿ.