ಏಷ್ಯಾ ಕಪ್‌ಗೆ ಮುನ್ನ ನಾವು ಕಂಡೂ ಕಾಣದಂತಿದ್ದದ್ದು

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್ ಪೆನಾಲ್ಟಿ ಶೂಟೌಟ್‌ವರೆಗೂ ಹೋಗಿ, ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಕುವೈತ್‌ನ ಕೊನೆಯ ಒದೆತವನ್ನು ತಡೆದಾಗ ಇಡೀ ಗ್ಯಾಲರಿ ಒಮ್ಮೆಗೇ ಎದ್ದು ಕುಣಿಯಿತು. ನನ್ನ ಪಕ್ಕದಲ್ಲಿದ್ದ ಅಪ್ಪ ಚಪ್ಪಾಳೆ ತಟ್ಟಿದರಾದರೂ ಕುಳಿತಲ್ಲಿಂದ ಏಳಲಿಲ್ಲ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯಗಳನ್ನು ನೋಡುತ್ತಲೇ ಬೆಳೆದವರು ಅವರು. ಹೊರಗೆ ಬರುವಾಗ ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಗೆದ್ದದ್ದು ಸಂತೋಷ ಕಣಪ್ಪ. ಆದರೆ ಸೆಮಿಫೈನಲ್ಲೂ ಸೇರಿ ನಾಲ್ಕು ಗಂಟೆ ಆಡಿದ್ದಾರೆ, ಬಂದದ್ದು ಒಂದೇ ಗೋಲು."

ಲೆಕ್ಕ ಸರಿಯಾಗಿತ್ತು. ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧ ಹೆಚ್ಚುವರಿ ಅವಧಿಯೂ ಸೇರಿ 120 ನಿಮಿಷ ಆಡಿ ಒಂದೂ ಗೋಲು ಬಾರದೆ ಶೂಟೌಟ್‌ನಲ್ಲಿ ಗೆದ್ದಿದ್ದೆವು. ಫೈನಲ್‌ನ 120 ನಿಮಿಷಗಳಲ್ಲಿ ಸಹಲ್ ಅಬ್ದುಲ್ ಸಮದ್ ಕೊಟ್ಟ ಪಾಸನ್ನು ಲಾಲಿಯನ್‌ಝುವಾಲಾ ಛಾಂಗ್ಟೆ ಗುರಿ ಮುಟ್ಟಿಸಿದ ಆ ಒಂದು ಗೋಲಷ್ಟೇ ನಮ್ಮದಾಗಿತ್ತು. ಅದಕ್ಕೂ ಮೊದಲು ಜೂನ್ 18ರಂದು ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್ ಫೈನಲ್‌ನಲ್ಲಿ ಇದೇ ಲೆಬನಾನ್ ತಂಡವನ್ನು 2-0ರಿಂದ ಮಣಿಸಿದ್ದೆವು ಎಂಬುದೂ ನಿಜವೇ. ಜುಲೈ ತಿಂಗಳಲ್ಲಿ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 99ನೆಯ ಸ್ಥಾನಕ್ಕೆ ಏರಿತು. ನೂರರೊಳಗೆ ಬಂದ ಸುದ್ದಿ ಓದಿ ನಾನು ಎಷ್ಟು ಹಿಗ್ಗಿದ್ದೆನೆಂದರೆ, ಅಪ್ಪನ ಮಾತನ್ನು ಹಳಬರ ಅತೃಪ್ತಿ ಎಂದು ಬದಿಗಿಟ್ಟುಬಿಟ್ಟೆ.

2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆಯಲಿದ್ದ ಫುಟ್‌ಬಾಲ್ ಏಷ್ಯಾ ಕಪ್‌ಗೆ ಆಗ ಇದ್ದದ್ದು ಆರು ತಿಂಗಳು. ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನ ಕಿಂಗ್ಸ್ ಕಪ್‌ನಲ್ಲಿ ಇರಾಕ್ ವಿರುದ್ಧ ಎರಡು ಬಾರಿ ಮುನ್ನಡೆ ಪಡೆದು 2-2ರಲ್ಲಿ ನಿಂತು ಶೂಟೌಟ್‌ನಲ್ಲಿ ಸೋತೆವು. ಮೂರು ದಿನಗಳ ನಂತರ ಲೆಬನಾನ್‌ಗೆ 0-1ರಿಂದ ತಲೆಬಾಗಿದೆವು. ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಮಲೇಷ್ಯಾ ನಾಲ್ಕು ಗೋಲು ಹೊಡೆಯಿತು, ನಾವು ಎರಡು. ಇವುಗಳ ನಡುವೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಆಟಗಾರರನ್ನು ಬಿಟ್ಟುಕೊಡುವ ವಿಷಯದಲ್ಲಿ ಕ್ಲಬ್‌ಗಳಿಗೂ ಫೆಡರೇಷನ್‌ಗೂ ಜಗ್ಗಾಟ ನಡೆದು, ಪಂದ್ಯದ ಹಿಂದಿನ ದಿನವಷ್ಟೇ ಚೀನಾ ತಲುಪಿದ ತಂಡ ಆತಿಥೇಯರ ಎದುರು 1-5ರಿಂದ ಸೋತಿತು. ಅದು ರಾಷ್ಟ್ರೀಯ ಸೀನಿಯರ್ ತಂಡವಲ್ಲ, ವಯೋಮಿತಿಯ ತಂಡ ಎಂದು ಸಮಾಧಾನ ಹೇಳಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿಗೂ ನಾಯಕನಾಗಿ ಸೀನಿಯರ್ ತಂಡದ ಹಿರಿಯ ಸ್ಟ್ರೈಕರ್ ಸುನಿಲ್ ಚೆಟ್ರಿಯನ್ನೇ ಕರೆದೊಯ್ಯಬೇಕಾಯಿತಲ್ಲ ಎಂಬುದನ್ನು ಆಗ ಯಾರೂ ಬಿಡಿಸಿ ನೋಡಲಿಲ್ಲ.

ನವೆಂಬರ್ 16ರಂದು ಕುವೈತ್‌ನ ನೆಲದಲ್ಲೇ ಮನ್ವೀರ್ ಸಿಂಗ್ ಗೋಲಿನಿಂದ 1-0 ಗೆಲುವು ಬಂತು. ಆ ಐದು ತಿಂಗಳುಗಳಲ್ಲಿ ಸೀನಿಯರ್ ತಂಡ ಕಂಡ ಏಕೈಕ ಗೆಲುವು ಅದು. ಐದೇ ದಿನಗಳಲ್ಲಿ ಭುವನೇಶ್ವರದಲ್ಲಿ ಕತಾರ್ 3-0ರಿಂದ ನಮ್ಮನ್ನು ಸೋಲಿಸಿತು.

ಕೋಚ್ ಇಗೊರ್ ಸ್ಟಿಮಾಚ್ ಮೊದಲಿನಿಂದಲೂ ದೀರ್ಘ ತರಬೇತಿ ಶಿಬಿರ ಬೇಕು, ಕನಿಷ್ಠ ನಾಲ್ಕು ವಾರವಾದರೂ ಬೇಕು ಎಂದು ಬಹಿರಂಗವಾಗಿಯೇ ಕೇಳುತ್ತಿದ್ದರು. ದೇಶದ ಕ್ಲಬ್‌ಗಳು ಆಡುವ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಪಂದ್ಯಗಳು ಡಿಸೆಂಬರ್ ಕೊನೆಯವರೆಗೂ ನಡೆದಿದ್ದರಿಂದ, ತಂಡ ದೋಹಾ ತಲುಪಿದ ಮೇಲೆ ಜನವರಿ 13ರ ಮೊದಲ ಪಂದ್ಯಕ್ಕೆ ಉಳಿದದ್ದು ಎರಡು ವಾರ ಮಾತ್ರ. ಅಷ್ಟರಲ್ಲಿ ರಕ್ಷಣಾ ವಿಭಾಗದ ಅನ್ವರ್ ಅಲಿ, ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್, ವಿಂಗರ್ ಆಶಿಕ್ ಕುರುಣಿಯನ್ ಮೂವರೂ ಗಾಯದಿಂದ ಹೊರಗುಳಿದಿದ್ದರು. ಸಹಲ್ ತಂಡದಲ್ಲಿದ್ದರೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ.

ಸಮಯದ ಕೊರತೆಯೇ ಎಲ್ಲಕ್ಕೂ ಕಾರಣವೆಂದು ನಂಬಲು ಮಾತ್ರ ನನಗೆ ಮನಸ್ಸು ಒಪ್ಪುವುದಿಲ್ಲ. 2011ರ ಏಷ್ಯಾ ಕಪ್‌ಗೆ ಮೊದಲು ಆಗಿನ ಕೋಚ್ ಬಾಬ್ ಹೌಟನ್ ಆಟಗಾರರನ್ನು ತಿಂಗಳುಗಟ್ಟಲೆ ಶಿಬಿರದಲ್ಲಿ ಇಟ್ಟುಕೊಂಡಿದ್ದರು. ಆಗಲೂ ಮೂರೂ ಪಂದ್ಯಗಳನ್ನು ಸೋತೆವು, ಹದಿಮೂರು ಗೋಲು ಬಿಟ್ಟುಕೊಟ್ಟೆವು; ಆದರೆ ಬಹರೈನ್ ವಿರುದ್ಧ ಎರಡು, ದಕ್ಷಿಣ ಕೊರಿಯಾ ವಿರುದ್ಧ ಒಂದು, ಹೀಗೆ ಮೂರು ಗೋಲುಗಳನ್ನಾದರೂ ಹೊಡೆದಿದ್ದೆವು. 2019ರಲ್ಲಿ ಥಾಯ್ಲೆಂಡ್ ತಂಡವನ್ನು 4-1ರಿಂದ ಸೋಲಿಸಿದ ಸಂಜೆಯನ್ನು ಮರೆಯುವವರುಂಟೇ? ಶಿಬಿರ ಹೆಚ್ಚಾದರೆ ತಂಡಕ್ಕೆ ಶಿಸ್ತು ಬರಬಹುದು, ರಕ್ಷಣೆ ಗಟ್ಟಿಯಾಗಬಹುದು. ಗೋಲು ಹೊಡೆಯುವವನನ್ನು ಶಿಬಿರದಲ್ಲಿ ಹುಟ್ಟಿಸಲು ಬರುವುದಿಲ್ಲ. ಅವನು ವಾರ ವಾರವೂ ತನ್ನ ಕ್ಲಬ್‌ಗೆ ಮುಂಚೂಣಿಯಲ್ಲಿ ಆಡಿ, ತಪ್ಪಿ, ಮತ್ತೆ ಆಡಿ ರೂಪುಗೊಳ್ಳಬೇಕು.

ನನ್ನ ಮುಖ್ಯ ಕಳವಳ ಇರುವುದು ಇಲ್ಲಿಯೇ. ಐಎಸ್ಎಲ್‌ನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ವರು ವಿದೇಶಿಯರನ್ನು ಕಣಕ್ಕಿಳಿಸಬಹುದು, ಮತ್ತು ಬಹುತೇಕ ಕ್ಲಬ್‌ಗಳು ಅವರಲ್ಲೊಬ್ಬನನ್ನು ಸ್ಟ್ರೈಕರ್ ಸ್ಥಾನಕ್ಕೇ ತರುತ್ತವೆ. ಭಾರತದ ಹುಡುಗನಿಗೆ ಗೋಲು ಹೊಡೆಯುವ ಕಣ್ಣಿದ್ದರೂ ಅವನು ವಿಂಗ್‌ಗೆ ಸರಿಯಬೇಕು, ಇಲ್ಲವೇ ಕೊನೆಯ ಹತ್ತು ನಿಮಿಷಕ್ಕೆ ಬದಲಿಯಾಗಿ ಇಳಿಯಬೇಕು. ಕ್ಲಬ್‌ಗಳನ್ನು ದೂರುವುದೂ ಕಷ್ಟ, ಏಕೆಂದರೆ ಗೆಲ್ಲುವುದು ಅವುಗಳ ಕೆಲಸ. ಈ ಕೊರತೆಯನ್ನು ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಒಬ್ಬನೇ ಮನುಷ್ಯ ಮುಚ್ಚಿಕೊಂಡು ಬಂದ. ಏಷ್ಯಾ ಕಪ್‌ಗೆ ಹೊರಟಾಗ ಚೆಟ್ರಿಯ ಹೆಸರಿನಲ್ಲಿ 93 ಅಂತರರಾಷ್ಟ್ರೀಯ ಗೋಲುಗಳಿದ್ದವು, ವಯಸ್ಸು 39 ಆಗಿತ್ತು. ಬೆಂಗಳೂರು ಎಫ್‌ಸಿಯಲ್ಲಿ ವರ್ಷಗಟ್ಟಲೆ ಅವರ ಆಟವನ್ನು ಹತ್ತಿರದಿಂದ ನೋಡಿದ ನಮ್ಮಂಥವರಿಗೆ ಅವರ ಓಟ ನಿಧಾನವಾಗುತ್ತಿರುವುದು ಗೊತ್ತಾಗುತ್ತಲೇ ಇತ್ತು. ಪ್ರೀತಿಯಿಂದಾಗಿ ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ.

ಕತಾರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲಾರ್ಧ ಗೋಲು ಬಿಟ್ಟುಕೊಡದೆ ನಿಂತಾಗ ಆಸೆ ಚಿಗುರಿತ್ತು. ಪಂದ್ಯ 0-2ರಲ್ಲಿ ಮುಗಿಯಿತು. ಉಜ್ಬೇಕಿಸ್ತಾನ ನಾಲ್ಕನೆಯ ನಿಮಿಷದಲ್ಲೇ ಗೋಲು ಹೊಡೆದು ವಿರಾಮದೊಳಗೆ 3-0 ಮಾಡಿತು. ಜನವರಿ 23ರಂದು ಸಿರಿಯಾ ವಿರುದ್ಧ ಗೆದ್ದಿದ್ದರೆ ಮುಂದಿನ ಸುತ್ತಿನ ಆಸೆ ಇನ್ನೂ ಇರುತ್ತಿತ್ತು. 76ನೆಯ ನಿಮಿಷದಲ್ಲಿ ಓಮರ್ ಖ್ರಿಬಿನ್ ಹೊಡೆದ ಗೋಲಿನೊಂದಿಗೆ ಅದೂ ಆರಿತು. ಮೂರು ಪಂದ್ಯ, ಆರು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯದೆ ಹಿಂತಿರುಗಿದೆವು. ಫೆಬ್ರುವರಿಯ ರ‍್ಯಾಂಕಿಂಗ್‌ನಲ್ಲಿ ಭಾರತ 117ನೆಯ ಸ್ಥಾನದಲ್ಲಿತ್ತು.

ಸಿರಿಯಾ ಪಂದ್ಯದ ಮರುದಿನ ಫೋನ್ ಮಾಡಿದಾಗ ಅಪ್ಪ ಕೊನೆಯವರೆಗೂ ನೋಡಿದೆ ಎಂದರು, ಬೇರೇನೂ ಹೇಳಲಿಲ್ಲ. ಹುಡುಗರನ್ನು ಬೈಯಲು ಅವರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ.

ಆ ವರ್ಷದ ಜೂನ್‌ನಲ್ಲಿ ಕೊಲ್ಕತ್ತದಲ್ಲಿ ಚೆಟ್ರಿ ನಿವೃತ್ತರಾದರು, ಕೆಲವೇ ದಿನಗಳಲ್ಲಿ ಸ್ಟಿಮಾಚ್ ಅವರನ್ನು ತೆಗೆದುಹಾಕಲಾಯಿತು, 2024ರ ಇಡೀ ವರ್ಷ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಹೊಸ ಕೋಚ್ ಮನೋಲೊ ಮಾರ್ಕ್ವೆಸ್ ನಲವತ್ತರ ಚೆಟ್ರಿಯನ್ನು ಮತ್ತೆ ಕರೆಸಿದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಅವರು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದಾಗ ನಾನು ಮನೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ತಟ್ಟುತ್ತಿರುವಾಗಲೇ, ಇಷ್ಟೆಲ್ಲ ಆದ ಮೇಲೂ ಮತ್ತೆ ಅವರೇ ಬರಬೇಕಾಯಿತಲ್ಲ ಎಂದು ಕೊರಳುಬ್ಬಿ ಬಂತು.