ಶಿರಾಡಿ ಮುಚ್ಚಿದ್ದ ವರ್ಷ ನಮ್ಮ ವರದಿಯಲ್ಲಿ ಇರಲಿಲ್ಲ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 73ರ ಒಂದು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತವಾಗುವ ಜಾಗ. ರಂಬಲ್ ಸ್ಟ್ರಿಪ್ (ಗಾಡಿ ನಡುಗಿಸಿ ಎಚ್ಚರಿಸುವ ಪಟ್ಟೆ), ಸೋಲಾರ್ ಬ್ಲಿಂಕರ್, ತಿರುವಿಗೆ ಬಾಣದ ಗುರುತಿನ ಶೆವ್ರಾನ್ ಬೋರ್ಡು, ರಾತ್ರಿ ಹೊಳೆಯುವ ಕ್ಯಾಟ್ಸ್ ಐ ಹಾಕಿದ ಮೇಲೆ ಅಪಘಾತ ಇಳಿಯಿತೇ ಎಂಬುದು ವರದಿಯ ಪ್ರಶ್ನೆ. ಕೆಲಸಕ್ಕೆ ಮೊದಲಿನ ಮೂರು ವರ್ಷ 2016, 2017, 2018. ಆಮೇಲಿನ ಮೂರು 2019, 2020, 2021. ಎಡಗಡೆಯ ಕಾಲಂ ದೊಡ್ಡದು, ಬಲಗಡೆಯದು ಚಿಕ್ಕದು. ಕರಡಿನ ಮೊದಲ ಸಾಲಿನಲ್ಲೇ ‘ಕಾರ್ಯಕ್ರಮ ಫಲ ಕೊಟ್ಟಿದೆ’ ಎಂದು ಬರೆದಾಗಿತ್ತು.

ಚಿಕ್ಕಮಗಳೂರಿನ ಸಭೆಯಲ್ಲಿ ಮೂರನೇ ಸ್ಲೈಡು ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎಎಸ್‌ಐ ಕೈ ಎತ್ತಿದರು. “ಸಾರ್, ಹದಿನೆಂಟರಲ್ಲಿ ಶಿರಾಡಿ ಬಂದ್ ಆಗಿತ್ತಲ್ವಾ? ಆ ಗಾಡಿಯೆಲ್ಲಾ ನಮ್ಮ ಕಡೆ ಬಂದಿತ್ತು. ಅದನ್ನ ಲೆಕ್ಕಕ್ಕೆ ತಗೊಂಡಿದ್ದೀರಾ?”

ತಗೊಂಡಿರಲಿಲ್ಲ. ಕಾಂಕ್ರೀಟ್ ಕಾಮಗಾರಿಗೆಂದು 2018ರ ಜನವರಿಯಲ್ಲಿ ಮುಚ್ಚಿದ ಶಿರಾಡಿ ಘಾಟ್ ತೆರೆದದ್ದು ಜುಲೈನಲ್ಲಿ. ಆಗಸ್ಟ್ ಮಳೆಗೆ ಕುಸಿದು ಮತ್ತೆ ಮುಚ್ಚಿತು. ಹಾಸನದಿಂದ ಮಂಗಳೂರಿಗೆ ಹೋಗಬೇಕಾದ ಬಸ್ಸು, ಕಾರು, ಸಾಮಾನ್ಯ ಲಾರಿ ಬೇಲೂರು, ಮೂಡಿಗೆರೆ, ಚಾರ್ಮಾಡಿ ಹಿಡಿದು ಇಳಿದವು. ಅಂದರೆ ನಮ್ಮ ‘ಮೊದಲು’ ಕಾಲಂ ಉಬ್ಬಿತ್ತು. ‘ಆಮೇಲೆ’ ಕಾಲಂನ ಕಥೆ ಇನ್ನೂ ಕೆಟ್ಟದ್ದು. 2019ರ ಆಗಸ್ಟ್‌ನಲ್ಲಿ ನಮ್ಮ ರಸ್ತೆ ಮುಂದೆ ಇಳಿಯುವ ಚಾರ್ಮಾಡಿ ಘಾಟೇ ಕುಸಿದು, ಭಾರಿ ವಾಹನಗಳಿಗೆ ಬಹುಕಾಲ ಬಿಡಲಿಲ್ಲ. ಅದರ ಬೆನ್ನಿಗೇ 2020ರ ಮಾರ್ಚ್ ಲಾಕ್‌ಡೌನ್. ಅಲ್ಲಿ ಒಂದು ಬೋರ್ಡನ್ನೂ ನೆಡದಿದ್ದರೂ ಸಂಖ್ಯೆ ಇಳಿಯುತ್ತಿತ್ತು. ಸಭೆ ಒಂದೆರಡು ನಿಮಿಷ ಸುಮ್ಮನಿತ್ತು. ಪರದೆಯ ಮೇಲೆ ಆ ಎರಡು ಕಾಲಂ ಹಾಗೇ ನಿಂತಿದ್ದವು. ಶಿರಾಡಿ ಬಂದ್ ಆದದ್ದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಎಲ್ಲರೂ ಆ ವರ್ಷ ಸುತ್ತುದಾರಿಯಲ್ಲಿ ಓಡಾಡಿದವರೇ. ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ಅಷ್ಟೆ. ಹಾಗೆಂದು ಶೀಟನ್ನು ದೂರಿ ಪ್ರಯೋಜನವಿಲ್ಲ. ಕಾಲಂ ಹಾಕಬೇಕಾದವರು ನಾವು.

ಅಪಘಾತದ ಸಂಖ್ಯೆಯನ್ನು ವಾಹನದ ಸಂಖ್ಯೆಯಿಲ್ಲದೆ ಓದಬಾರದು ಎನ್ನುವುದು ಪುಸ್ತಕದ ಮೊದಲ ಪಾಠ. ಶಿರಾಡಿಯ ಹೆದ್ದಾರಿ 75ರಲ್ಲಾದರೆ ಶಾಂತಿಗ್ರಾಮದ ಟೋಲ್ ಇದೆ, ತಿಂಗಳುವಾರು ಲೆಕ್ಕ ಕೇಳಬಹುದು. ಟೋಲ್ ಇಲ್ಲದ ಕಡೆ ಏಳು ದಿನ, 24 ಗಂಟೆ ಎಣಿಸಬೇಕು, ಅದನ್ನೂ ಒಂದೇ ಋತುವಿನಲ್ಲಿ ಎಣಿಸಿ ಬಿಟ್ಟರೆ ಸಾಲದು. ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರವರಿಯಲ್ಲಿ ಆಳುಗಳನ್ನು ತುಂಬಿಕೊಂಡ ಪಿಕಪ್ಪುಗಳು, ವಾರದ ಕೊನೆಗೆ ಮುಳ್ಳಯ್ಯನಗಿರಿಗೆ ಬರುವ ಕಾರುಗಳು, ಹಾಸನಾಂಬೆಯ ಬಾಗಿಲು ತೆಗೆದ ದಿನಗಳ ಹಾಸನ: ಇವು ಬೇರೆ ಬೇರೆ ರಸ್ತೆಗಳೆಂದೇ ತಿಳಿಯಬೇಕು. ಜೂನನ್ನು ಜೂನಿಗೇ ಹೋಲಿಸಿ, ಜನವರಿಗಲ್ಲ.

ಎರಡನೆಯ ಮೋಸ ಬ್ಲ್ಯಾಕ್ ಸ್ಪಾಟ್ ಎಂಬ ಆಯ್ಕೆಯಲ್ಲೇ ಇದೆ. ಸುಮಾರು 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ಗ್ರೀವಿಯಸ್ (ತೀವ್ರ) ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದ ಜಾಗವನ್ನು ಪಟ್ಟಿಗೆ ಸೇರಿಸುತ್ತೇವೆ. ಅತಿ ಕೆಟ್ಟ ಮೂರು ವರ್ಷ ಕಂಡ ಜಾಗವೇ ಪಟ್ಟಿಗೆ ಬರುವುದರಿಂದ, ಮುಂದಿನ ಮೂರು ವರ್ಷ ಏನೂ ಮಾಡದಿದ್ದರೂ ಅದು ತನ್ನ ಸರಾಸರಿಗೆ ಇಳಿಯುತ್ತದೆ. ಒಂದು ತಿರುವಿನ ನಿಜವಾದ ಸರಾಸರಿ ಮೂರು ವರ್ಷಕ್ಕೆ 6 ಎಂದಿಟ್ಟುಕೊಳ್ಳಿ. ಬರಿಯ ಆಕಸ್ಮಿಕದಿಂದಲೇ ಅಲ್ಲಿ 3 ಅಥವಾ ಅದಕ್ಕೂ ಕಡಿಮೆ ಅಪಘಾತ ದಾಖಲಾಗುವ ಸಾಧ್ಯತೆ ನೂರಕ್ಕೆ 15. ‘ಅರ್ಧಕ್ಕೆ ಇಳಿಯಿತು’ ಎಂಬ ಎಷ್ಟು ಶಹಬ್ಬಾಸ್‌ಗಿರಿಗಳು ಈ 15ರೊಳಗೆ ಬಿದ್ದಿವೆಯೋ.

ಇದಕ್ಕೆ ಇರುವ ಮದ್ದು ಹೋಲಿಕೆಯ ಗುಂಪು. ಇದೇ ಬಗೆಯ ತಿರುವು, ಇದೇ ಬಗೆಯ ವಾಹನ ಸಂಚಾರ ಇರುವ, ಆದರೆ ಯಾವ ಕಾಮಗಾರಿಯೂ ಆಗದ ತುಂಡುಗಳನ್ನು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಆರಿಸಿಟ್ಟುಕೊಳ್ಳಬೇಕು. ತಿಳಿಯುವುದಕ್ಕೆಂದು ಒಂದು ಲೆಕ್ಕ: ಕಾಮಗಾರಿ ಆದ ಜಾಗಗಳಲ್ಲಿ ಒಟ್ಟು 40 ಇದ್ದದ್ದು 24 ಆಯಿತು, ಆಗದ ಜಾಗಗಳಲ್ಲಿ 100 ಇದ್ದದ್ದು 75. ಮೊದಲನೆಯದು 0.60, ಎರಡನೆಯದು 0.75, ಭಾಗಿಸಿದರೆ 0.80. ಶೇಕಡಾ 40 ಅಂದುಕೊಂಡ ಇಳಿಕೆ ಶೇಕಡಾ 20ಕ್ಕೆ ಬಂತು. ಇಲ್ಲಿಗೇ ನಿಲ್ಲಿಸಬೇಡಿ. ಒಂದನ್ನು ನಾಲ್ಕೂ ಸಂಖ್ಯೆಗಳಿಂದ ಭಾಗಿಸಿ (1/40, 1/24, 1/100, 1/75) ಕೂಡಿಸಿದರೆ 0.09, ಅದರ ವರ್ಗಮೂಲ 0.3. ಇದರಿಂದ ಲಾಗರಿದಮ್ ಲೆಕ್ಕದಲ್ಲಿ ಶೇಕಡಾ 95ರ ಮಿತಿ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) ತೆಗೆದರೆ 0.44ರಿಂದ 1.44ರವರೆಗೆ ಹರಡುತ್ತದೆ. ಅರ್ಧಕ್ಕಿಂತ ಹೆಚ್ಚು ಇಳಿದಿರಬಹುದು, ಶೇಕಡಾ 44 ಏರಿಯೂ ಇರಬಹುದು. ಕಾಮಗಾರಿ ಆದ ಜಾಗಗಳ 64 ಅಪಘಾತಗಳ ಕಡತ ಓದಿಯೂ ಇಳಿಯಿತೋ ಏರಿತೋ ಎಂದು ಹೇಳಲೂ ಆಗದು! ಒಂದೇ ಒಂದು ತಿರುವಿನ ಮೇಲೆ ತೀರ್ಪು ಕೊಡಿ ಎಂದು ಮೇಲಿನವರು ಒತ್ತಾಯಿಸುವಾಗ ಈ ಲೆಕ್ಕವನ್ನು ಮುಂದಿಡಬೇಕು. ಈಗಲೂ ‘ಒಂದು ಪುಟದಲ್ಲಿ, ಶೇಕಡಾವಾರು ಕೊಡಿ’ ಎಂದೇ ಸೂಚನೆ ಬರುತ್ತದೆ. ಮಿತಿಯಿಲ್ಲದ ಶೇಕಡಾವಾರು ಕೊಡಬಾರದು, ಕೊಡುವುದಿಲ್ಲ.

ಇನ್ನು ಠಾಣೆಯ ದಾಖಲೆ. ಎಫ್‌ಐಆರ್‌ನಲ್ಲಿ ಸ್ಥಳ ಎಂದರೆ ‘ಇಂಥ ಊರಿನ ಗೇಟ್ ಹತ್ತಿರ’. ನಮ್ಮ ಕಡೆ ಗೇಟ್ ಎಂದರೆ ಬಸ್ ನಿಲ್ಲುವ ಜಾಗವೂ ಹೌದು, ಅದರ ಆಚೀಚೆ ಒಂದು ಕಿಲೋಮೀಟರೂ ಹೌದು. ಐರಾಡ್ (ಅಪಘಾತ ದಾಖಲಿಸುವ ಕೇಂದ್ರದ ಆ್ಯಪ್) ಬಂದ ಮೇಲೆ, 2021ರಿಂದ, ಮೊಬೈಲಿನಲ್ಲೇ ಜಾಗ ಗುರುತಿಸುವ ವ್ಯವಸ್ಥೆಯಾಯಿತು. ಪ್ರಾಯೋಗಿಕ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಘಾಟ್ ಅಂಚಿನಲ್ಲಿ ನೆಟ್‌ವರ್ಕ್ ಸಿಗದೆ ಠಾಣೆಗೆ ಬಂದು ನಮೂದಿಸಿದರೆ ಪಿನ್ ಠಾಣೆಯ ಅಂಗಳದಲ್ಲೇ ಬೀಳುತ್ತದೆ. ಠಾಣೆಯ ಕಾಂಪೌಂಡಿನೊಳಗೆ ಲಾರಿ–ಬೈಕ್ ಡಿಕ್ಕಿ ಕಂಡರೆ ಕಾರಣ ಇದು. ಸ್ಪಾಟ್ ಮಹಜರಿನ ಜೊತೆಗಿರುವ ಕೈನಕ್ಷೆ ತೆಗೆಸಿ ನೋಡಿ: ‘ಸೇತುವೆಯಿಂದ ಪೂರ್ವಕ್ಕೆ 60 ಅಡಿ, ರಸ್ತೆಯ ಎಡಬದಿ ಹಲಸಿನ ಮರ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿರುತ್ತಾರೆ. ಠಾಣೆಯ ರೈಟರ್ ಜೊತೆ ಕುಳಿತು ಆ ಮರವನ್ನು ಚೈನೇಜಿಗೆ (ರಸ್ತೆಯುದ್ದಕ್ಕೂ ಅಳೆದ ದೂರಕ್ಕೆ) ಕೂಡಿಸುವ ಕೆಲಸ ಯಾವ ಸಾಫ್ಟ್‌ವೇರೂ ಮಾಡದು.

ಸಾವಿನ ಲೆಕ್ಕಕ್ಕೂ ಆತುರ ಬೇಡ. ತಲೆಗೆ ಪೆಟ್ಟಾದವರನ್ನು ಹಾಸನದಿಂದ ಬೆಂಗಳೂರಿಗೋ ಮಂಗಳೂರಿಗೋ ರೆಫರ್ ಮಾಡುತ್ತಾರೆ. ಐಪಿಸಿ 338ರಲ್ಲಿ (ತೀವ್ರ ಗಾಯ) ದಾಖಲಾದ ಕೇಸು, ಅಲ್ಲಿಂದ ಡೆತ್ ಮೆಮೊ ಬಂದ ಮೇಲೆ 304ಎ (ನಿರ್ಲಕ್ಷ್ಯದ ಸಾವು) ಆಗುತ್ತಿತ್ತು. ಮೂವತ್ತು ದಿನದೊಳಗಿನ ಸಾವನ್ನು ಅಪಘಾತದ ಸಾವೆಂದೇ ಎಣಿಸಬೇಕು. ಮಾರ್ಚ್ ಕೊನೆಗೆ ಪಟ್ಟಿ ಎಳೆದರೆ ಮಾರ್ಚ್ ತಿಂಗಳ ಸಾವು ಯಾವಾಗಲೂ ಕಡಿಮೆಯೇ ಕಾಣುತ್ತದೆ. ಹಾಗಾಗಿ ‘ಆಮೇಲೆ’ ಅವಧಿ ಸದಾ ಚೆಂದ. ಕನಿಷ್ಠ 90 ದಿನ ಬಿಟ್ಟು ಎಳೆಯಿರಿ. 2024ರ ಜುಲೈ 1ರಿಂದ ಅಜಾಗರೂಕ ಚಾಲನೆಯ ಐಪಿಸಿ 279 ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 281 ಬಂತು, 304ಎ ಜಾಗಕ್ಕೆ 106(1), 338ರ ಜಾಗಕ್ಕೆ 125(ಬಿ). ಹಳೆಯ ಸೆಕ್ಷನ್ನಿನ ಮೇಲೆ ಫಿಲ್ಟರ್ ಹಾಕಿದ ಶೀಟಿನಲ್ಲಿ ಆ ದಿನದಿಂದ ಅಪಘಾತವೇ ನಿಂತುಹೋದ ಹಾಗೆ ಕಾಣುತ್ತದೆ.

ದೇಶದ ಮಟ್ಟದಲ್ಲೂ ಇದೇ ತೊಡಕು ದೊಡ್ಡದಾಗಿ ಕಾಣುತ್ತದೆ. ಮೋಟಾರು ವಾಹನ ತಿದ್ದುಪಡಿಯ ಹೆಚ್ಚಿನ ದಂಡ ಜಾರಿಗೆ ಬಂದದ್ದು 2019ರ ಸೆಪ್ಟೆಂಬರ್ 1ಕ್ಕೆ; ಅದೇ ತಿಂಗಳು ಕರ್ನಾಟಕ ಹೆಲ್ಮೆಟ್ ದಂಡವನ್ನು 1000ದಿಂದ 500ಕ್ಕೆ ಇಳಿಸಿತು. ಆ ವರ್ಷ ರಸ್ತೆಯಲ್ಲಿ ಸತ್ತವರು 1,51,113. 2020ರಲ್ಲಿ 1,31,714. ಇದನ್ನು ಕಾನೂನಿನ ಯಶಸ್ಸು ಎಂದವರಿದ್ದರು. 2021ರಲ್ಲಿ 1,53,972, 2022ರಲ್ಲಿ 1,68,491. ಇಳಿಸಿದ್ದು ಲಾಕ್‌ಡೌನ್. ಕಾನೂನಿನಿಂದ ಏನೂ ಆಗಲಿಲ್ಲ ಎಂದೂ ಈ ಸಂಖ್ಯೆ ಹೇಳುವುದಿಲ್ಲ. ಅದಿಲ್ಲದಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನು ಒಟ್ಟು ಮೊತ್ತ ತೋರಿಸಲಾರದು.

ಅಪಘಾತ ಅಪರೂಪದ್ದು, ವೇಗ ದಿನವೂ ಸಿಗುತ್ತದೆ. ಮುಂದಿನ ವಾಹನದಿಂದ ಐದು ಸೆಕೆಂಡಾದರೂ ದೂರವಿರುವ 200 ವಾಹನಗಳ ವೇಗವನ್ನು, ಚಾಲಕನಿಗೆ ಕಾಣದ ಹಾಗೆ ನಿಂತು ಅಳೆಯಿರಿ. ಖಾಕಿ ಕಂಡರೆ ಎಲ್ಲರೂ ಬ್ರೇಕ್ ಒತ್ತುತ್ತಾರೆ, ಆ ಅಳತೆ ಕಸಕ್ಕೆ. ಸರಾಸರಿ ವೇಗ ನೂರಕ್ಕೆ ಒಂದು ಇಳಿದರೆ ಸಾವಿನ ಅಪಘಾತ ಹೆಚ್ಚುಕಡಿಮೆ ನೂರಕ್ಕೆ ನಾಲ್ಕು ಇಳಿಯುತ್ತದೆ ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ಲೆಕ್ಕ. ಹೆಲ್ಮೆಟ್ಟನ್ನೂ ಹೀಗೇ ಎಣಿಸಿ. ಹಿಂಬದಿ ಸವಾರನಿಗೆ ಬೇರೆ ಕಾಲಂ, ಪಟ್ಟಿ ಬಿಗಿದವರಿಗೆ ಮತ್ತೊಂದು. ಮತ್ತು ಬೋರ್ಡು ನೆಡುವ ಮೊದಲೇ ಒಂದು ಸಲ ಅಳೆದಿಟ್ಟುಕೊಳ್ಳಿ. ಆ ತಿರುವಿನಲ್ಲಿ ನಾವು ಅಳೆದಿರಲಿಲ್ಲ, ಹಾಗಾಗಿ ಈಗಿನ ವೇಗ ಗೊತ್ತಿದ್ದರೂ ಹೋಲಿಸಲು ಏನೂ ಇಲ್ಲ.

ವರದಿಯ ಮೊದಲ ಸಾಲು ಅಳಿಸಿ ‘ಪರಿಣಾಮ ಸಾಬೀತಾಗಿಲ್ಲ’ ಎಂದು ಬರೆದು ಕಳಿಸಿದೆವು. ಶೀಟಿಗೆ ಎರಡು ಕಾಲಂ ಸೇರಿದವು: ಈ ರಸ್ತೆ ಯಾವಾಗ ಮುಚ್ಚಿತ್ತು, ಪಕ್ಕದ ಘಾಟ್ ಯಾವಾಗ ಮುಚ್ಚಿತ್ತು. ಅವನ್ನು ತುಂಬಿಕೊಟ್ಟವರು ಆ ಎಎಸ್‌ಐ, ಠಾಣೆಯ ಡೈರಿ ನೋಡಿಕೊಂಡು, ದಿನಾಂಕದ ಸಮೇತ. ಕೊಟ್ಟಿಗೆಹಾರದಲ್ಲಿ ವಾಹನ ಎಣಿಸುವ ಯಂತ್ರ ಬೇಕೆಂದು ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.